ಧರ್ಮಾನಂದ ಕೋಸಂಬಿಯವರ ಶೀಲಸಾಧನೆ

ಬೆಳಗಾವಿಯ ಕಡೆಯಿಂದ ಗೋವೆಗೆ ಇಳಿಯುವ ಹೆದ್ದಾರಿಯು ರಾಮನಗರವನ್ನು ಹಿಂದಿಕ್ಕಿ, ದಟ್ಟವಾದ ಕಾಡನ್ನು ಹೊಕ್ಕು, ಅನಮೋಡದಲ್ಲಿ ಸಹ್ಯಾದ್ರಿಯ ಅಂಚನ್ನು ಮುಟ್ಟುತ್ತದೆ. ಜೋಯಿಡಾ ತಾಲೂಕಿನ ಈ ಪುಟ್ಟ ಊರು ಹೊರಗಿನವರಿಗೆ ಪರಿಚಿತವಾಗಿರುವುದು ಬಹುಮಟ್ಟಿಗೆ ತನ್ನ ತಪಾಸಣಾ ನಾಕೆಯಿಂದಲೇ. ಅಲ್ಲಿಂದ ಘಟ್ಟವನ್ನಿಳಿದು, ಮೊಲ್ಲೆಂ ಮತ್ತು ಫೋಂಡಾಗಳನ್ನು ಹಾದು, ಜುವಾರಿ ನದಿಯನ್ನು ದಾಟಿದರೆ ಸಾಂಖವಾಳವೆಂಬ ಗ್ರಾಮ. ಪಶ್ಚಿಮ ಭಾರತದಲ್ಲಿ ಪಾಳಿ ವಿದ್ಯೆಗೆ ಮರುಜನ್ಮ ಕೊಟ್ಟ ಆಚಾರ್ಯ ಧರ್ಮಾನಂದ ಕೋಸಂಬಿಯವರು 1876ರ ಅಕ್ಟೋಬರ್ 9ರಂದು ಹುಟ್ಟಿದ್ದು ಈ ಗ್ರಾಮದಲ್ಲಿ.

ಅನಮೋಡದ ಮೇಲೆ ನಿಂತು ಈಚೆಗೆ ನೋಡಿದರೂ ಬುದ್ಧನ ಹೆಸರು ಈ ಸೀಮೆಗೆ ಹೊಸದಲ್ಲ. ಇದೇ ಉತ್ತರ ಕನ್ನಡ ಜಿಲ್ಲೆಯ ಬನವಾಸಿಗೆ ಅಶೋಕನ ಕಾಲದಲ್ಲಿ ರಕ್ಖಿತನೆಂಬ ಸ್ಥವಿರನು ಧರ್ಮಪ್ರಚಾರಕ್ಕಾಗಿ ಬಂದನೆಂದು ಸಿಂಹಳದ ಮಹಾವಂಶವು ತಿಳಿಸುತ್ತದೆ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಗುರುಗೌರವಗಳನ್ನು ಬೋಧಿಸುವ ಅಶೋಕನ ಶಾಸನ ಬ್ರಹ್ಮಗಿರಿಯ ಬಂಡೆಯ ಮೇಲೆ ಕೊರೆಯಲ್ಪಟ್ಟಾಗ ಕನ್ನಡ ಲಿಪಿ ಇನ್ನೂ ಹುಟ್ಟಿರಲಿಲ್ಲ. 1095ರ ಡಂಬಳದ ಶಾಸನವು ಅಲ್ಲಿಯ ಶೆಟ್ಟರು ಕಟ್ಟಿಸಿದ ವಿಹಾರವನ್ನೂ ತಾರಾದೇವಿಯನ್ನೂ ಸ್ಮರಿಸುತ್ತದೆ. ಅಲ್ಲಿಂದ ಮುಂದೆ ಮಾತ್ರ ಈ ಧಾರೆ ಬತ್ತುತ್ತ ಹೋಯಿತು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿ, ತರುವಾಯ ಗಾಂದೆನ್ ಮತ್ತು ದ್ರೆಪುಂಗ್ ವಿಹಾರಗಳನ್ನು ಮತ್ತೆ ಕಟ್ಟಿಕೊಂಡಾಗ, ಈ ಜಿಲ್ಲೆಯಲ್ಲಿ ಭಿಕ್ಷುಗಳ ಮಂತ್ರಘೋಷ ಪುನಃ ಕೇಳಿಸಿತು. ಈ ದೀರ್ಘ ಮೌನದ ನಡುವೆ, ಯಾವ ವಿಹಾರದ ಆಸರೆಯೂ ಇಲ್ಲದೆ, ಶಾಲಾಶಿಕ್ಷಣವೂ ಪೂರ್ತಿಯಾಗಿ ಒದಗದ ಒಬ್ಬ ತರುಣನು ಬುದ್ಧನನ್ನು ಹುಡುಕಿಕೊಂಡು ಹೊರಟದ್ದು ಒಂದು ವಿಸ್ಮಯ. ಹುಡುಕಿ ತಂದುದನ್ನು ಅವನು ಸಂಬಳ, ಪುಸ್ತಕದ ಮುಖಪುಟ, ಉಪ್ಪು, ಶವಸಂಸ್ಕಾರದ ಖರ್ಚು ಇಂತಹ ಸಾಮಾನ್ಯ ವಿಷಯಗಳಿಗೆ ಅನ್ವಯಿಸಿ ನೋಡಿದ್ದು ಇನ್ನೂ ದೊಡ್ಡ ವಿಸ್ಮಯ.

ಪೋರ್ತುಗೀಜರ ಆಳಿಕೆಯ ಗೋವೆಯಲ್ಲಿ ಮರಾಠಿ ಕಲಿಯುವುದೇ ಆಗ ಕಷ್ಟಸಾಧ್ಯವಾಗಿತ್ತು. ಸಾರಸ್ವತ ಬ್ರಾಹ್ಮಣ ಕುಟುಂಬದ ಈ ಹುಡುಗನಿಗೆ ದೊರೆತದ್ದು ಹಳ್ಳಿಯ ಶಾಲೆಯ ಕೆಲವೇ ವರ್ಷಗಳ ಪಾಠ. ಹದಿಹರೆಯದಲ್ಲಿಯೇ ಬಾಳಾಬಾಯಿಯೊಡನೆ ವಿವಾಹವಾಯಿತು. ತೆಂಗಿನ ತೋಟದ ಉಸ್ತುವಾರಿ ಹೆಗಲೇರಿತು. ಮನಸ್ಸು ಮಾತ್ರ ಪುಸ್ತಕಗಳಲ್ಲಿ. ಹೀಗಿರಲು ‘ಬಾಲಬೋಧ’ ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ ಬುದ್ಧನನ್ನು ಕುರಿತ ಒಂದು ಬರಹ ಕಣ್ಣಿಗೆ ಬಿದ್ದಿತು. ಮಕ್ಕಳಿಗೆಂದು ಬರೆದ ಆ ಕೆಲವು ಪುಟಗಳು ಇಪ್ಪತ್ತು ದಾಟಿದ ಗೃಹಸ್ಥನ ಬಾಳಿನ ದಿಕ್ಕನ್ನು ತಿರುಗಿಸಿದವು. ಬುದ್ಧನ ಉಪದೇಶವನ್ನು ಮೂಲದಲ್ಲಿಯೇ ಓದಬೇಕು, ಅದಕ್ಕೆ ಮೊದಲು ಸಂಸ್ಕೃತ ಕಲಿಯಬೇಕು ಎಂಬ ಹಂಬಲ ಬಲಿಯಿತು. 1899ರ ಕೊನೆಯಲ್ಲಿ ಅವರು ಮನೆಬಿಟ್ಟು ಪುಣೆಯ ಹಾದಿ ಹಿಡಿದರು.

ಇಲ್ಲಿ ವಾಚಕರು ಒಂದು ಗಳಿಗೆ ನಿಲ್ಲಬೇಕು. ಅದೇ ವರ್ಷ ಅವರಿಗೆ ಮಾಣಿಕ ಎಂಬ ಹೆಣ್ಣುಮಗು ಹುಟ್ಟಿತ್ತು. ಸಿದ್ಧಾರ್ಥನ ಕಥೆಯನ್ನು ಓದಿ ರೋಮಾಂಚಗೊಳ್ಳುವವರು ಯಶೋಧರೆಯ ಅರಮನೆಯನ್ನೂ ಅಲ್ಲಿಯ ದಾಸದಾಸಿಯರನ್ನೂ ಮರೆಯುತ್ತಾರೆ. ರಾಹುಲನಿಗೆ ಹಾಲಿನ ಕೊರತೆಯಿರಲಿಲ್ಲ. ಬಾಳಾಬಾಯಿಗೆ ಅಂತಹ ಅರಮನೆಯಿರಲಿಲ್ಲ. ಗಂಡ ಎಲ್ಲಿದ್ದಾನೆ, ಬರುತ್ತಾನೆಯೋ ಇಲ್ಲವೋ ಎಂಬ ಚಿಂತೆಯಲ್ಲಿ, ಕೂಸನ್ನು ಕಟ್ಟಿಕೊಂಡು, ಬಂಧುಗಳ ಆಶ್ರಯದಲ್ಲಿ ಆಕೆ ಆರೇಳು ವರ್ಷ ಕಳೆಯಬೇಕಾಯಿತು. ಕರುಣೆಯ ಧರ್ಮವನ್ನು ಅರಸಿ ಹೊರಟವನ ಮೊದಲ ಹೆಜ್ಜೆ ಇಂತಹ ನಿಷ್ಕರುಣೆಯದಾಗಿತ್ತೆಂದು ಹೇಳದೆ ಗತ್ಯಂತರವಿಲ್ಲ. ಕೋಸಂಬಿಯವರ ಮುಂದಿನ ಬದುಕನ್ನು ಈ ಸಾಲದ ನೆರಳಿನಲ್ಲಿಟ್ಟು ನೋಡದಿದ್ದರೆ ಅವರ ಶೀಲಸಾಧನೆಯ ನಿಜವಾದ ತೂಕ ತಿಳಿಯುವುದಿಲ್ಲ.

ಪುಣೆಯಲ್ಲಿ ಡಾ. ರಾಮಕೃಷ್ಣ ಗೋಪಾಳ ಭಾಂಡಾರಕರರ ನೆರವು ದೊರೆಯಿತು. ಅಲ್ಲಿಂದ ಗ್ವಾಲಿಯರ್, ಬಳಿಕ ಕಾಶಿ. ಕಾಶಿಯಲ್ಲಿ ಅನ್ನಛತ್ರದ ಊಟ, ಹರಕು ಬಟ್ಟೆ, ಚಳಿ. ಇವುಗಳ ನಡುವೆ ಸಂಸ್ಕೃತ ವ್ಯಾಕರಣ. 1902ರಲ್ಲಿ, ಬುದ್ಧಧರ್ಮ ಅಲ್ಲಿ ಜೀವಂತವಾಗಿದೆಯೆಂದು ಕೇಳಿ, ಕಾಲ್ನಡಿಗೆಯ ಕಷ್ಟವನ್ನು ಲೆಕ್ಕಿಸದೆ ನೇಪಾಳಕ್ಕೆ ಹೋದರು. ಕಾಠಮಾಂಡುವಿನಲ್ಲಿ ಕಂಡ ಸ್ಥಿತಿ ಅವರ ಮನಸ್ಸನ್ನು ಮುರಿಯಿತು. ಅವರು ಅರಸುತ್ತಿದ್ದ ವಿದ್ಯೆಯಾಗಲಿ ವಿನಯವಾಗಲಿ ಅಲ್ಲಿ ಕಾಣಲಿಲ್ಲ. ಬುದ್ಧಗಯೆಗೆ ಬಂದಾಗ, ಸಿಂಹಳಕ್ಕೆ ಹೋಗಬೇಕೆಂಬ ಸಲಹೆ ಸಿಕ್ಕಿತು. ಕೊಲಂಬೊ ನಗರದ ವಿದ್ಯೋದಯ ಪರಿವೇಣದಲ್ಲಿ ಮಹಾಸ್ಥವಿರ ಹಿಕ್ಕಡುವೆ ಸುಮಂಗಲರು ಅವರನ್ನು ಶ್ರಾಮಣೇರನನ್ನಾಗಿ ಸ್ವೀಕರಿಸಿದರು. ಸುಮಂಗಲರ ಅಡಿಯಲ್ಲಿ ಪಾಳಿ ತ್ರಿಪಿಟಕದ ಬಾಗಿಲು ತೆರೆಯಿತು. ಅಲ್ಲಿಂದ ಮದ್ರಾಸಿಗೆ, ಬ್ರಹ್ಮದೇಶಕ್ಕೆ; ಬ್ರಹ್ಮದೇಶದಲ್ಲಿ ಭಿಕ್ಷುದೀಕ್ಷೆ, ಧ್ಯಾನಾಭ್ಯಾಸ. ಕೈಯಲ್ಲಿ ಬಿಡಿಗಾಸಿಲ್ಲದೆ, ಇಂಗ್ಲಿಷಿನ ಗಂಧವಿಲ್ಲದೆ ಹೊರಟವರು ಏಳು ವರ್ಷಗಳೊಳಗೆ ಬೌದ್ಧ ಜಗತ್ತಿನ ಮೂರು ದೇಶಗಳನ್ನು ಸುತ್ತಿ ಮರಳಿದರು.

1906ರಲ್ಲಿ ಅವರು ಕಾಷಾಯವನ್ನು ತ್ಯಜಿಸಿದರು. ಭಿಕ್ಷುವಾದವನು ಮತ್ತೆ ಗೃಹಸ್ಥನಾದರೆ ನಮ್ಮ ಜನ ಅದನ್ನು ಜಾರುವಿಕೆಯೆಂದು ಬಗೆಯುತ್ತಾರೆ. ಥೇರವಾದದ ನಾಡುಗಳಲ್ಲಿ ಹಾಗೆ ತಿಳಿಯುವುದಿಲ್ಲ. ಚೀವರವನ್ನು ಗೌರವದಿಂದ ಹಿಂದಿರುಗಿಸಿ ಲೋಕಕ್ಕೆ ಮರಳುವುದಕ್ಕೆ ಅಲ್ಲಿ ಅವಕಾಶವುಂಟು. ಕೋಸಂಬಿಯವರಿಗೆ ಪಾಳಿ ವಿದ್ಯೆಯನ್ನು ಸ್ವದೇಶದಲ್ಲಿ ಬಿತ್ತಬೇಕಾಗಿತ್ತು. ಭಿಕ್ಷುವಿನ ವಿಧಿನಿಯಮಗಳನ್ನು ಹೊತ್ತು ಭಾರತದ ನಗರಗಳಲ್ಲಿ ಅಂತಹ ಕೆಲಸ ಸಾಗುವಂತಿರಲಿಲ್ಲ. ಕಲ್ಕತ್ತದ ರಾಷ್ಟ್ರೀಯ ಕಾಲೇಜಿನಲ್ಲಿಯೂ, ತರುವಾಯ ವಿಶ್ವವಿದ್ಯಾಲಯದಲ್ಲಿಯೂ ಅವರು ಪಾಳಿ ಬೋಧಕರಾದರು. ಗೋವೆಗೆ ಹೋಗಿ ಹೆಂಡತಿ ಮಗಳನ್ನು ಕಂಡರು; ಮುರಿದಿದ್ದ ಸಂಸಾರ ಮತ್ತೆ ಕೂಡಿತು. 1907ರ ಜುಲೈ 31ರಂದು ಮಗ ದಾಮೋದರನು ಹುಟ್ಟಿದನು. ಗಣಿತಜ್ಞರೂ ಇತಿಹಾಸಕಾರರೂ ಆಗಿ ಖ್ಯಾತರಾದ ಡಿ. ಡಿ. ಕೋಸಂಬಿಯವರೇ ಈ ಮಗ.

ಕಲ್ಕತ್ತದಲ್ಲಿ ನೆಲೆ ಸಿಕ್ಕಿತೆನ್ನುವಷ್ಟರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರಿಂದ ಒಂದು ಸೂಚನೆ ಬಂದಿತು. ಮಹಾರಾಷ್ಟ್ರದಲ್ಲಿ ನೆಲೆಸಿ ವರ್ಷಕ್ಕೊಂದು ಪುಸ್ತಕ ಬರೆಯುವುದಾದರೆ ತಿಂಗಳಿಗೆ 50 ರೂಪಾಯಿಗಳ ವೇತನ. ಕಲ್ಕತ್ತದಲ್ಲಿ ದೊರೆಯಬಹುದಾಗಿದ್ದ ಸಂಬಳದ ಮುಂದೆ ಇದು ಅಲ್ಪವೇ ಸರಿ. ಅವರು ಈ ಅಲ್ಪವನ್ನೇ ಆರಿಸಿಕೊಂಡರು. ತನ್ನ ನುಡಿಯ ಜನರಿಗೆ ತಿಳಿಯುವಂತೆ ಬುದ್ಧನನ್ನು ಕುರಿತು ಬರೆಯುವುದೇ ತಾನು ಹೊರಟು ಬಂದ ಉದ್ದೇಶವೆಂದು ಅವರಿಗೆ ಸ್ಪಷ್ಟವಿತ್ತು. ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಆಜೀವವೆಂಬುದು ಒಂದು ಅಂಗ. ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ ಇವುಗಳ ವ್ಯಾಪಾರ ಉಪಾಸಕನಿಗೆ ಸಲ್ಲದೆಂದು ಪಾಳಿ ಸೂತ್ರ ವಿಧಿಸುತ್ತದೆ. ಇಂದಿನ ವಿದ್ಯಾವಂತನು ಇವಾವುದನ್ನೂ ಮಾರುವುದಿಲ್ಲವಾದ್ದರಿಂದ ತನ್ನ ಜೀವನೋಪಾಯ ಶುದ್ಧವೆಂದು ಸುಲಭವಾಗಿ ನಂಬಿಬಿಡುತ್ತಾನೆ. ತನ್ನ ಗಳಿಕೆಗೂ ತನ್ನ ಕೆಲಸಕ್ಕೂ ಹೊಂದಿಕೆಯಿದೆಯೇ ಎಂಬ ಪ್ರಶ್ನೆಯನ್ನು ಕೋಸಂಬಿಯವರು ಕೇಳಿಕೊಂಡಂತೆ ಕೇಳಿಕೊಳ್ಳುವವರು ವಿರಳ.

ಶೀಲದ ಇನ್ನೊಂದು ಪರೀಕ್ಷೆ ಅಮೇರಿಕೆಯಲ್ಲಿ ಕಾದಿತ್ತು. ಬುದ್ಧಘೋಷಾಚಾರ್ಯನ ವಿಶುದ್ಧಿಮಾರ್ಗವು ಥೇರವಾದದ ಶೀಲ, ಸಮಾಧಿ, ಪ್ರಜ್ಞೆಗಳನ್ನು ಕ್ರಮವಾಗಿ ನಿರೂಪಿಸುವ ಮಹಾಗ್ರಂಥ. ಅದನ್ನು ಪರಿಷ್ಕರಿಸುತ್ತಿದ್ದ ಹೆನ್ರಿ ಕ್ಲಾರ್ಕ್ ವಾರೆನ್ ಎಂಬ ವಿದ್ವಾಂಸರು 1899ರಲ್ಲಿ ತೀರಿಕೊಂಡಿದ್ದರು. ಕೆಲಸವನ್ನು ಮುಗಿಸಿಕೊಡಬೇಕೆಂದು ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಕರೆ ಬಂದಾಗ 1910ರಲ್ಲಿ ಕೋಸಂಬಿಯವರು ಸಮುದ್ರವನ್ನು ದಾಟಿದರು. ಹಳ್ಳಿಯ ಶಾಲೆಯನ್ನೂ ಪೂರೈಸದ ವ್ಯಕ್ತಿ ಹಾರ್ವರ್ಡಿನ ವಿದ್ವಾಂಸರಿಗೆ ಪಾಠಾಂತರಗಳನ್ನು ನಿರ್ಣಯಿಸಿಕೊಡಬೇಕಾಯಿತು. ಮಾಲೆಯ ಸಂಪಾದಕರಾದ ಪ್ರೊಫೆಸರ್ ಚಾರ್ಲ್ಸ್ ಲ್ಯಾನ್‌ಮನ್ ಅವರು ದೊಡ್ಡ ಸಂಸ್ಕೃತಜ್ಞರು. ಆದರೆ ಸಿದ್ಧವಾದ ಗ್ರಂಥದ ಮುಖಪುಟದ ಮೇಲೆ ಯಾರ ಹೆಸರು ಯಾವ ಸ್ಥಾನದಲ್ಲಿರಬೇಕೆಂಬುದರಲ್ಲಿ ಇಬ್ಬರಿಗೂ ವಿರಸ ಹುಟ್ಟಿತು. ಮಾಡಿದ ಕೆಲಸದ ಶ್ರೇಯಸ್ಸು ಮಾಡದವರಿಗೆ ಸಲ್ಲುವುದನ್ನು ಕೋಸಂಬಿಯವರು ಒಪ್ಪಲಿಲ್ಲ. 1912ರಲ್ಲಿ ಕೆಲಸವನ್ನು ಬಿಟ್ಟು ಹಿಂದಿರುಗಿದರು. 1918ರಲ್ಲಿ ಮತ್ತೆ ಕರೆ ಬಂದಿತು. ನಾಲ್ಕು ವರ್ಷಗಳ ದುಡಿಮೆಯ ಬಳಿಕ ಅದೇ ಜಗಳ ಮತ್ತೆ ತಲೆಯೆತ್ತಿತು. 1926ರಲ್ಲಿ ಮತ್ತೊಮ್ಮೆ, 1931ರಲ್ಲಿ ಮಗದೊಮ್ಮೆ ಹೋಗಿ ಅಂತೂ ಕೆಲಸ ಪೂರೈಸಿದರು.

ಅನಾತ್ಮವಾದವನ್ನು ಬೋಧಿಸುವವನಿಗೆ ಹೆಸರಿನ ಮೇಲೆ ಇಷ್ಟು ಹಟವೇಕೆಂದು ಯಾರಾದರೂ ಕೇಳಬಹುದು. ನಮಗೆ ತೋರುವಂತೆ ಅದು ಕೀರ್ತಿಯ ಆಸೆಯಲ್ಲ. ಕೊಡದೆ ಇರುವುದನ್ನು ತೆಗೆದುಕೊಳ್ಳದಿರುವುದು ಪಂಚಶೀಲಗಳಲ್ಲಿ ಎರಡನೆಯದು; ಸುಳ್ಳಾಡದಿರುವುದು ನಾಲ್ಕನೆಯದು. ಮುಖಪುಟದ ಮೇಲೆ ನಡೆಯುವ ಸುಳ್ಳು ಈ ಎರಡನ್ನೂ ಒಟ್ಟಿಗೆ ಮುರಿಯುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಶಿಷ್ಯರ ದುಡಿಮೆಗೆ ಗುರುಗಳ ಹೆಸರು ಅಂಟುವುದನ್ನು ಕಂಡವರಿಗೆ ಈ ಜಗಳ ನೂರು ವರ್ಷಗಳ ಹಿಂದಿನದೆಂದು ಅನ್ನಿಸಲಾರದು. ಶೀಲವನ್ನೇ ಮೊದಲ ಭಾಗವಾಗಿ ಉಳ್ಳ ಗ್ರಂಥದ ಬಾಗಿಲಿನಲ್ಲಿಯೇ ಶೀಲಭಂಗವಾಗುವುದನ್ನು ಅವರು ಹೇಗೆ ಸಹಿಸಿಯಾರು? 1918ರ ಪ್ರವಾಸದ ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಆ ಸಲ ಅವರು ಮಾಣಿಕ ಮತ್ತು ದಾಮೋದರ ಇಬ್ಬರನ್ನೂ ವಿದ್ಯಾಭ್ಯಾಸಕ್ಕಾಗಿ ಜೊತೆಗೆ ಕರೆದೊಯ್ದರು. ಕೂಸಾಗಿದ್ದಾಗ ತಂದೆ ಬಿಟ್ಟುಹೋಗಿದ್ದ ಮಗಳು ತಂದೆಯ ಕೈಹಿಡಿದೇ ಅಮೇರಿಕೆಯ ಕಾಲೇಜಿನ ಮೆಟ್ಟಿಲನ್ನು ಏರಿದಳು.

1912ರಿಂದ 1918ರವರೆಗೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅವರು ಪಾಳಿ ಕಲಿಸಿದರು, ಪಿ. ವಿ. ಬಾಪಟರಂತಹ ವಿದ್ವಾಂಸರು ಅವರ ಶಿಷ್ಯರು. ಅಶೋಕನು ಭಾಬ್ರೂ ಶಾಸನದಲ್ಲಿ ಹೆಸರಿಸಿದ ಏಳು ಧರ್ಮಪರ್ಯಾಯಗಳು ತ್ರಿಪಿಟಕದ ಯಾವ ಭಾಗಗಳೆಂಬುದನ್ನು ಗುರುತಿಸಿ 1912ರಲ್ಲಿ ಲೇಖನ ಬರೆದರು. 1922ರಿಂದ ಕೆಲಕಾಲ ಗಾಂಧೀಜಿಯವರು ಸ್ಥಾಪಿಸಿದ ಗುಜರಾತ ವಿದ್ಯಾಪೀಠದಲ್ಲಿ, 1929ರಲ್ಲಿ ಲೆನಿನ್‌ಗ್ರಾಡಿನಲ್ಲಿ. ‘ನಿವೇದನ’ವೆಂಬ ಅವರ ಆತ್ಮಕಥೆ 1924ರಲ್ಲಿ ಬಂದಿತು, ಮರಾಠಿಯ ಆತ್ಮಕಥೆಗಳಲ್ಲಿ ಅದಕ್ಕೆ ಗಣ್ಯಸ್ಥಾನವಿದೆ.

ಅವರ ಬರಹಗಳಲ್ಲಿ ಹೆಚ್ಚು ಓದಲ್ಪಟ್ಟದ್ದು ‘ಭಗವಾನ್ ಬುದ್ಧ’. 1940ರ ಸುಮಾರಿಗೆ ಮರಾಠಿಯಲ್ಲಿ ಪ್ರಕಟವಾದ ಈ ಗ್ರಂಥವನ್ನು ಸಾಹಿತ್ಯ ಅಕಾಡೆಮಿಯು ಮುಂದೆ ಹಲವು ಭಾಷೆಗಳಿಗೆ ತಂದಿತು. ಇದರಲ್ಲಿಯ ಒಂದು ವಾದ ಇಂದಿಗೂ ಚರ್ಚೆಯ ವಸ್ತು. ಮುದುಕ, ರೋಗಿ, ಶವ, ಸಂನ್ಯಾಸಿ ಈ ನಾಲ್ಕು ದೃಶ್ಯಗಳನ್ನು ಕಂಡು ಸಿದ್ಧಾರ್ಥನು ಮನೆಬಿಟ್ಟನೆಂದು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಈ ಕಥೆಯು ಪ್ರಾಚೀನ ಸೂತ್ರಗಳಲ್ಲಿ ವಿಪಶ್ಯಿ ಎಂಬ ಪೂರ್ವಬುದ್ಧನಿಗೆ ಸಂಬಂಧಿಸಿದ್ದು, ಕಾಲಾಂತರದಲ್ಲಿ ಗೌತಮನ ಚರಿತ್ರೆಗೆ ಸೇರಿಕೊಂಡಿತೆಂದು ಕೋಸಂಬಿಯವರು ತೋರಿಸಿದರು. ಹಾಗಾದರೆ ನಿಜವಾದ ಕಾರಣವೇನು? ಸುತ್ತನಿಪಾತದ ಅತ್ತದಂಡ ಸುತ್ತದಲ್ಲಿ, ಜನರು ಶಸ್ತ್ರ ಹಿಡಿದು ಒಬ್ಬರ ಮೇಲೊಬ್ಬರು ನಿಂತಿದ್ದನ್ನು ಕಂಡು ತನಗೆ ಹುಟ್ಟಿದ ಭಯವನ್ನೂ ವೈರಾಗ್ಯವನ್ನೂ ಬುದ್ಧನು ನಿರೂಪಿಸುತ್ತಾನೆ. ಶಾಕ್ಯರಿಗೂ ಕೋಲಿಯರಿಗೂ ರೋಹಿಣೀ ನದಿಯ ನೀರಿಗಾಗಿ ನಡೆಯುತ್ತಿದ್ದ ಕಲಹವೇ ಗೃಹತ್ಯಾಗದ ಹಿನ್ನೆಲೆಯೆಂದು ಅವರು ಊಹಿಸಿದರು. ಇದೇ ವಸ್ತುವನ್ನು ‘ಬೋಧಿಸತ್ತ್ವ’ ಎಂಬ ನಾಟಕದಲ್ಲಿಯೂ ಬೆಳೆಸಿದರು. 1957ರಲ್ಲಿ ಪ್ರಕಟವಾದ ಡಾ. ಅಂಬೇಡಕರರ ಬುದ್ಧಗ್ರಂಥದಲ್ಲಿಯೂ ಗೃಹತ್ಯಾಗಕ್ಕೆ ರೋಹಿಣಿಯ ನೀರೇ ಕಾರಣವಾಗಿ ನಿರೂಪಿತವಾಗಿದೆ.

ವಿದ್ವಾಂಸರು ಈ ಊಹೆಯನ್ನು ಒಪ್ಪಲಿ, ಬಿಡಲಿ; ಅನಮೋಡದ ಸೀಮೆಯವರಿಗೆ ಅದು ಮನೆಬಾಗಿಲಿನ ಮಾತು. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ ಗೋವೆಗೆ ಇಳಿದು ಮಾಂಡವಿಯೆನಿಸುವ ಮಹಾದಾಯಿಯ ನೀರಿಗಾಗಿ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಎಷ್ಟು ವರ್ಷಗಳ ವ್ಯಾಜ್ಯ! 2010ರಲ್ಲಿ ನ್ಯಾಯಾಧಿಕರಣ ರಚನೆಯಾಗಿ 2018ರಲ್ಲಿ ತೀರ್ಪು ಕೊಟ್ಟಿತು; ತೀರ್ಪಿನ ತರುವಾಯವೂ ವಾದ ನಿಂತಿಲ್ಲ. ಮುಪ್ಪು, ರೋಗ, ಸಾವುಗಳು ಒಬ್ಬೊಬ್ಬನ ದುಃಖಗಳು. ಅವುಗಳಿಂದ ಪಾರಾಗಲು ಒಬ್ಬನೇ ಗುಹೆಯನ್ನು ಸೇರಬಹುದು. ನೀರಿನ ಜಗಳದಿಂದ ಒಬ್ಬನೇ ಪಾರಾಗುವುದು ಹೇಗೆ? ರೋಹಿಣಿಯನ್ನು ಬುದ್ಧಚರಿತ್ರೆಯ ನಡುವಿಗೆ ತಂದು ಕೋಸಂಬಿಯವರು ಮಾಡಿದ ಮುಖ್ಯ ಕಾರ್ಯ ಇದು: ಅಹಿಂಸೆ ಮತ್ತು ಅಲೋಭಗಳನ್ನು ಅವರು ವ್ಯಕ್ತಿಯ ಮೋಕ್ಷದ ಕೋಣೆಯಿಂದ ಹೊರತಂದು ಹೊಲದ ಕಾಲುವೆಯ ಬದಿಯಲ್ಲಿ ನಿಲ್ಲಿಸಿದರು.

ಅವರು ಇದನ್ನು ಬರಹಕ್ಕೆ ಮಾತ್ರ ಬಿಡಲಿಲ್ಲ. ಅಮೇರಿಕೆಯಲ್ಲಿದ್ದಾಗಲೇ ಸಮಾಜವಾದದ ಗ್ರಂಥಗಳು ಅವರ ಮನಸ್ಸನ್ನು ಸೆಳೆದಿದ್ದವು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಗೋವೆಯ ಗಡಿಗೆ ಸಮೀಪವಾದ ಶಿರೋಡೆಯಲ್ಲಿಯೂ ಮುಂಬಯಿಯಲ್ಲಿಯೂ ದುಡಿದು ಸೆರೆಮನೆಯನ್ನು ಕಂಡರು. ಮುಂಬಯಿಯ ಪರಳದಲ್ಲಿ, ಗಿರಣಿ ಕಾರ್ಮಿಕರ ನಡುವೆ, ಬಹುಜನ ವಿಹಾರವೆಂಬ ಸಣ್ಣ ವಿಹಾರವನ್ನು ಕಟ್ಟಿಸಿ ಕೆಲಕಾಲ ಅಲ್ಲಿ ವಾಸಿಸಿದರು. ಸಿಗಾಲೋವಾದ ಸೂತ್ರದಲ್ಲಿ ಯಜಮಾನನಿಗೆ ವಿಧಿಸಿದ ಕರ್ತವ್ಯಗಳನ್ನು ನೋಡಿರಿ: ಆಳಿನ ಶಕ್ತಿಗೆ ತಕ್ಕಷ್ಟೇ ಕೆಲಸ, ಅನ್ನ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ಸಕಾಲದಲ್ಲಿ ಬಿಡುವು. ಕೂಟದಂತ ಸೂತ್ರದಲ್ಲಿ ಕಳ್ಳತನವನ್ನು ಅಡಗಿಸುವ ಉಪಾಯವಾಗಿ ದಂಡನೆಯ ಬದಲು ರೈತನಿಗೆ ಬೀಜ, ವರ್ತಕನಿಗೆ ಬಂಡವಾಳ, ನೌಕರನಿಗೆ ತಕ್ಕ ವೇತನ ಕೊಡುವಂತೆ ಅರಸನಿಗೆ ಸಲಹೆಯಿದೆ. ಗಿರಣಿಯ ಭೋಂಗಾದ ಸದ್ದಿನಲ್ಲಿ ಏಳುವ ಜನರಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಆದರೆ ಸಮಾಜವಾದವನ್ನು ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ. ಅದು ಹಿಂಸೆಯನ್ನು ಸಾಧನವಾಗಿ ಹಿಡಿದಷ್ಟು ಕಾಲವೂ ಜನರ ದುಃಖ ತೀರದೆಂಬುದು ಅವರ ನಿಲುವು. ಕೊನೆಯ ಕಾಲದಲ್ಲಿ ಅವರ ಚಿಂತನೆ ಬುದ್ಧನಿಗಿಂತಲೂ ಹಿಂದಿನ ತೀರ್ಥಂಕರ ಪಾರ್ಶ್ವನಾಥನ ಚಾತುರ್ಯಾಮದತ್ತ ಹರಿಯಿತು: ಅಹಿಂಸೆ, ಸತ್ಯ, ಅಸ್ತೇಯ, ಅಪರಿಗ್ರಹ. ಈ ನಾಲ್ಕಕ್ಕೆ ಬುದ್ಧನ ಪ್ರಜ್ಞೆಯನ್ನೂ ಹೊಸ ಕಾಲದ ದುಡಿಮೆಯ ಸಮಾನತೆಯನ್ನೂ ಕೂಡಿಸಿದರೆ ಲೋಕಕ್ಕೆ ದಾರಿಯುಂಟೆಂದು ಅವರು ನಂಬಿದರು. ವಿಚಿತ್ರವೆಂದರೆ, ಪ್ರಾಚೀನ ಶ್ರಮಣರ ಮಾಂಸಾಹಾರದ ವಿಷಯವಾಗಿ ಅವರು ಬರೆದದ್ದಕ್ಕೆ ಜೈನ ಸಮಾಜದ ಅನೇಕರು ಕೋಪಗೊಂಡು ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದರು. ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಪಾರ್ಶ್ವನಾಥನ ಮೇಲಿನ ಭಕ್ತಿಯನ್ನೂ ಬಿಡಲಿಲ್ಲ.

ಶರೀರವು ರೋಗದಿಂದ ಜರ್ಜರಿತವಾಗಿ, ತಾನು ಇನ್ನೊಬ್ಬರ ಸೇವೆಗೆ ಭಾರವಾಗುತ್ತಿದ್ದೇನೆಂದು ತೋರಿದಾಗ, 1946ರಲ್ಲಿ ಅವರು ಉಪವಾಸದಿಂದ ದೇಹಬಿಡಲು ನಿಶ್ಚಯಿಸಿದರು. ಗಾಂಧೀಜಿಯವರ ಒತ್ತಾಯದಿಂದ ಆ ಸಲ ನಿಲ್ಲಿಸಿದರು. ಆದರೆ ಮುಂದಿನ ವರ್ಷ ಸೇವಾಗ್ರಾಮದ ಆಶ್ರಮದಲ್ಲಿ ಮತ್ತೆ ಆರಂಭಿಸಿ, ಸುಮಾರು ಒಂದು ತಿಂಗಳ ನಿರಶನದ ಬಳಿಕ 1947ರ ಜೂನ್ 4ರಂದು ಶಾಂತವಾಗಿ ಪ್ರಾಣಬಿಟ್ಟರು. ಶ್ರವಣಬೆಳ್ಗೊಳದ ಸಲ್ಲೇಖನ ಶಾಸನಗಳನ್ನು ಬಲ್ಲ ಕನ್ನಡಿಗರಿಗೆ ಈ ಮರಣದ ಪರಿ ಅಪರಿಚಿತವಲ್ಲ. ಬೌದ್ಧ ವಿನಯಕ್ಕೆ ಅದು ಒಪ್ಪುವುದೇ ಎಂಬುದು ಬೇರೆ ಮಾತು. ಮರಣವನ್ನು ಹೊಗಳಿ ಇನ್ನೊಬ್ಬನನ್ನು ಪ್ರೇರಿಸುವ ಭಿಕ್ಷುವನ್ನು ಸಂಘದಿಂದಲೇ ಹೊರಗಿಡಬೇಕೆಂದು ವಿನಯಪಿಟಕ ವಿಧಿಸುತ್ತದೆ. ದೇಹದಂಡನೆಯನ್ನು ಬುದ್ಧನು ಸ್ವತಃ ಅನುಭವಿಸಿ ನೋಡಿ ಕೈಬಿಟ್ಟಿದ್ದನು. ಜೀವಮಾನವಿಡೀ ತ್ರಿಪಿಟಕವನ್ನು ಬೋಧಿಸಿದ ಆಚಾರ್ಯರು ಕೊನೆಯ ಹೆಜ್ಜೆಯಲ್ಲಿ ಪಾರ್ಶ್ವನಾಥನ ಬೆನ್ನಹಿಂದೆ ನಡೆದರೆಂದೇ ನಾವು ತಿಳಿಯುತ್ತೇವೆ. ಅವರ ನಿರ್ಧಾರವನ್ನು ಗೌರವಿಸಿಯೂ ಅದನ್ನು ಆದರ್ಶವೆಂದು ಎತ್ತಿಹಿಡಿಯಲು ಮನಸ್ಸು ಹಿಂಜರಿಯುತ್ತದೆ. ಮುಪ್ಪಿನವರನ್ನು ಭಾರವೆಂದು ಕಾಣುವ ಮನೆಗಳು ಹೆಚ್ಚುತ್ತಿರುವ ಈ ಕಾಲದಲ್ಲಂತೂ ಹಿಂಜರಿಯಲೇಬೇಕು.

ತನ್ನ ಶವವನ್ನು ಸುಡುವುದು, ಹೂಳುವುದು ಈ ಎರಡರಲ್ಲಿ ಯಾವುದಕ್ಕೆ ಖರ್ಚು ಕಡಮೆಯೋ ಅದನ್ನು ಮಾಡಬೇಕೆಂದು ಅವರು ತಿಳಿಸಿದ್ದರು. ಮರುದಿನ ದಿಲ್ಲಿಯ ಪ್ರಾರ್ಥನಾಸಭೆಯಲ್ಲಿ ಗಾಂಧೀಜಿಯವರು, ದೇಶ ವಿಭಜನೆಯ ಆ ತಳಮಳದ ನಡುವೆಯೂ, ಸದ್ದಿಲ್ಲದೆ ಬದುಕಿದ ಈ ವಿದ್ವಾಂಸರನ್ನು ಸ್ಮರಿಸಿದರು. ಅವರ ನೆನಪಿಗಾಗಿ ಪಾಳಿ ಕಲಿಯಲು ಸಿಂಹಳಕ್ಕೆ ವಿದ್ಯಾರ್ಥಿಗಳನ್ನು ಕಳಿಸಬೇಕೆಂಬ ಯೋಚನೆಯೂ ಆಗ ನಡೆಯಿತು.

ಹಾರ್ವರ್ಡಿನ ವಿಶುದ್ಧಿಮಾರ್ಗ ಅವರ ಜೀವಿತಕಾಲದಲ್ಲಿ ಹೊರಬರಲಿಲ್ಲ. 1940ರಲ್ಲಿ ಮುಂಬಯಿಯ ಭಾರತೀಯ ವಿದ್ಯಾಭವನವು ಅವರ ನಾಗರೀ ಲಿಪಿಯ ಆವೃತ್ತಿಯನ್ನು ಪ್ರಕಟಿಸಿತ್ತು. ಹಾರ್ವರ್ಡ್ ಪ್ರಾಚ್ಯಮಾಲೆಯ 41ನೆಯ ಸಂಪುಟವಾಗಿ ಆ ಗ್ರಂಥ ಅಚ್ಚಾದದ್ದು 1950ರಲ್ಲಿ. ಅಷ್ಟರಲ್ಲಿ ಲ್ಯಾನ್‌ಮನ್ನರು ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು, ಕೋಸಂಬಿಯವರು ತೀರಿಕೊಂಡು ಮೂರು. ಮುಖಪುಟದ ಮೇಲೆ ಸಂಪಾದಕರೆಂದು ವಾರೆನ್ನರ ಹೆಸರೂ, ಪರಿಷ್ಕರಿಸಿದವರೆಂದು ಧರ್ಮಾನಂದ ಕೋಸಂಬಿಯವರ ಹೆಸರೂ ಇವೆ.